ವರದಿಯಲ್ಲಿ ಟಾಕ್ಸೋಪ್ಲಾಸ್ಮಾ ‘ಪಾಸಿಟಿವ್’: ಬಸಿರಿನ 14ನೇ ವಾರ, ಮನೆಯಲ್ಲಿ ಬೆಕ್ಕು

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲ್ಲೂಕಿನ ಒಂದು ಹಳ್ಳಿಯವಳು. ನನಗೀಗ ಬಸಿರಿನ 14ನೇ ವಾರ ನಡೆಯುತ್ತಿದೆ. ಕಳೆದ ವರ್ಷ ಎರಡೂವರೆ ತಿಂಗಳಿಗೇ ಗರ್ಭ ನಿಲ್ಲದೆ ಹೋದ ಕಾರಣ ಈ ಸಲ ಮುಂಜಾಗ್ರತೆಗೆಂದು, ಗರ್ಭಕ್ಕೆ ತೊಂದರೆ ಕೊಡಬಲ್ಲ ಕೆಲವು ಸೋಂಕುಗಳನ್ನು ರಕ್ತದಲ್ಲಿ ನೋಡುವ ‘ಟಾರ್ಚ್’ ಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ ಟಾಕ್ಸೋಪ್ಲಾಸ್ಮಾ ಎಂಬುದರ ಎದುರು ಐಜಿಜಿ, ಐಜಿಎಂ ಎಂಬ ಎರಡು ಬಗೆಯ ಪ್ರತಿಕಾಯಗಳೂ (ಸೋಂಕಿನ ವಿರುದ್ಧ ಮೈ ಹುಟ್ಟಿಸುವಂಥವಂತೆ) ‘ಪಾಸಿಟಿವ್’ ಎಂದು ದಪ್ಪ ಅಕ್ಷರದಲ್ಲಿ ಬಂದಿದೆ. ವರದಿ ಕೊಟ್ಟ ಹುಡುಗ, "ಇನ್ಫೆಕ್ಷನ್ ಇದೆ ಮೇಡಂ, ಮನೆಯಲ್ಲಿ ಬೆಕ್ಕು ಇದೆಯಾ?" ಎಂದು ಕೇಳಿದ. ಇದೆ ಎಂದೆ. ಅಲ್ಲಿಂದ ಶುರುವಾಯಿತು ನೋಡಿ. ನಮ್ಮ ಚಿನ್ನಿಯನ್ನು ಗೋಣಿಚೀಲಕ್ಕೆ ಹಾಕಿ ಹೊಳೆಯಾಚೆ ಬಿಟ್ಟು ಬರಬೇಕೆಂದು ಅತ್ತೆಯವರು ನಿನ್ನೆಯಿಂದ ಹೇಳುತ್ತಿದ್ದಾರೆ. ಅವಳಿಗೆ ಆರು ವರ್ಷ. ಅಡಿಕೆ ಅಟ್ಟದ ಇಲಿಗಳೆಲ್ಲ ಅವಳ ಪಾಲು.

ನಮ್ಮ ವೈದ್ಯರು ಮುಂದಿನ ವಾರ ಸಿಗುತ್ತಾರೆ. ಅಷ್ಟರೊಳಗೆ ತಿಳಿದವರು ಯಾರಾದರೂ ಹೇಳಿ: ಮಗುವಿಗೆ ತೊಂದರೆ ಆಗಿಯೇಬಿಟ್ಟಿದೆ ಎಂದು ಇದರ ಅರ್ಥವೇ? ಹಸಿ ಮಾಂಸದಿಂದ ಬರುವ ರೋಗ ಎಂದು ಓದಿದೆ, ಆದರೆ ನಮ್ಮ ಮನೆಯಲ್ಲಿ ಮೊಟ್ಟೆಯೂ ಬರುವುದಿಲ್ಲ. ಹಾಗಿದ್ದರೆ ಇದು ನನಗೆ ಎಲ್ಲಿಂದ ಬಂತು?

ಹೆರಿಗೆಕೋಣೆ:

ನಾನು ಪ್ರಸೂತಿ ತಜ್ಞೆ. ನಿಮ್ಮನ್ನು ನೋಡದೆ ಚಿಕಿತ್ಸೆ ಹೇಳಲಾರೆ, ಆದರೆ ಮುಂದಿನ ವಾರದ ತನಕ ನೀವು ನಿದ್ದೆಗೆಡಬೇಕಾಗಿಲ್ಲ ಎಂಬುದನ್ನು ಧೈರ್ಯವಾಗಿ ಹೇಳಬಲ್ಲೆ.

ಟಾಕ್ಸೋಪ್ಲಾಸ್ಮಾ ಗೊಂಡೈ ಎಂಬುದು ಬರಿಗಣ್ಣಿಗೆ ಕಾಣದ ಏಕಕೋಶದ ಪರಾವಲಂಬಿ. ಆರೋಗ್ಯವಂತರ ಮೈಗೆ ಅದು ಸೇರಿದರೆ ಬಹಳ ಸಲ ಏನೂ ಗೊತ್ತಾಗುವುದಿಲ್ಲ; ಕೆಲವರಿಗೆ ಸಣ್ಣ ಜ್ವರ, ಮೈಕೈ ನೋವು, ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡು ತಾನಾಗಿಯೇ ಹೋಗುತ್ತದೆ. ಆಮೇಲೆ ಅದು ಸ್ನಾಯು, ಮಿದುಳುಗಳಲ್ಲಿ ಸಣ್ಣ ಗುಳ್ಳೆ ಕಟ್ಟಿಕೊಂಡು ಜೀವನಪೂರ್ತಿ ಮಲಗಿರುತ್ತದೆ. ಭಾರತದ ಹೆರುವ ವಯಸ್ಸಿನ ಹೆಂಗಸರ ರಕ್ತ ಪರೀಕ್ಷಿಸಿ 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಶೇ 22.4ರಷ್ಟು ಮಂದಿಗೆ ಐಜಿಜಿ ಇತ್ತು. ದಕ್ಷಿಣ ಭಾರತದಲ್ಲಿ ಅದು ಶೇ 37.3. ಅಂದರೆ ನಮ್ಮ ಕಡೆಯ ಹತ್ತು ಹೆಂಗಸರಲ್ಲಿ ಮೂರ್ನಾಲ್ಕು ಮಂದಿಯ ವರದಿ ಹೀಗೆಯೇ ‘ಪಾಸಿಟಿವ್’ ಬರಬಹುದು, ಅವರ ಮಕ್ಕಳು ಚೆನ್ನಾಗಿಯೇ ಇರುತ್ತಾರೆ. ಬಸಿರಾಗುವ ಮೊದಲೇ ಸೋಂಕು ತಗಲಿ ಹೋಗಿದ್ದರೆ ಆ ಐಜಿಜಿಯೇ ಮಗುವಿಗೆ ಕಾವಲು. ಮಗುವಿಗೆ ದಾಟುವ ಅಪಾಯ ಇರುವುದು ತಾಯಿಗೆ ಜೀವನದಲ್ಲಿ ಮೊದಲ ಸಲ ಸೋಂಕು ತಗಲಿದ್ದು ಬಸಿರಿನಲ್ಲಿಯೇ ಆಗಿದ್ದಾಗ. ಎಚ್ಐವಿಯಂತಹ ಕಾರಣಗಳಿಂದ ರೋಗನಿರೋಧಕ ಶಕ್ತಿ ತೀರ ಕುಗ್ಗಿದವರ ಮಾತು ಬೇರೆ.

ನಿಮ್ಮ ವರದಿಯಲ್ಲಿ ತಲೆಬಿಸಿ ತಂದಿರುವುದು ಐಜಿಎಂ. ಅದರ ಬಗ್ಗೆ ಪ್ರಯೋಗಾಲಯದವರು ಹೇಳಿದರೆ ಒಳ್ಳೆಯದು.

ಸೂಕ್ಷ್ಮದರ್ಶಕ:

ಡಾಕ್ಟರ್ ಹೇಳಿದ ಮೇಲೆ ನನ್ನ ಸರದಿ. ಇಪ್ಪತ್ತು ವರ್ಷದಿಂದ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಇಂತಹ ವರದಿಗಳಿಗೆ ಸಹಿ ಹಾಕುತ್ತಿದ್ದೇನೆ.

ಐಜಿಎಂ ಎಂದರೆ ಸೋಂಕಿನ ಮೊದಲ ವಾರದಲ್ಲಿ ಹುಟ್ಟುವ ಪ್ರತಿಕಾಯ, ಅದು ಕೆಲವು ತಿಂಗಳಲ್ಲಿ ಮಾಯವಾಗುತ್ತದೆ, ಹಾಗಾಗಿ ಐಜಿಎಂ ಇದ್ದರೆ ಸೋಂಕು ಹೊಸದು ಎಂದು ಪುಸ್ತಕದಲ್ಲಿ ಓದಿರುತ್ತೇವೆ. ಟಾಕ್ಸೋಪ್ಲಾಸ್ಮಾದ ವಿಷಯದಲ್ಲಿ ಈ ಪಾಠ ನಡೆಯುವುದಿಲ್ಲ. ಇಲ್ಲಿ ಐಜಿಎಂ ಒಂದು ವರ್ಷ, ಕೆಲವರಲ್ಲಿ ಅದಕ್ಕಿಂತಲೂ ಹೆಚ್ಚು ಕಾಲ ಉಳಿಯುತ್ತದೆ. ಸೋಂಕೇ ಇಲ್ಲದವರಲ್ಲೂ ಕಿಟ್‌ನ ದೋಷದಿಂದ ಸುಳ್ಳು ಪಾಸಿಟಿವ್ ಬರುವುದುಂಟು. ಐಜಿಎಂ ಒಂದನ್ನೇ ನೋಡಿ ತೀರ್ಮಾನಕ್ಕೆ ಬಂದ ಹೆಂಗಸರು ಸುಮ್ಮನೆ ಗರ್ಭ ತೆಗೆಸಿಕೊಳ್ಳುವ ಅಪಾಯವಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ವೈದ್ಯರಿಗೆ ಎಚ್ಚರಿಕೆ ಕೊಟ್ಟಿತ್ತು.

ನಿಮಗೆ ಬೇಕಾಗಿರುವ ಮುಂದಿನ ಪರೀಕ್ಷೆಯ ಹೆಸರು ‘ಐಜಿಜಿ ಅವಿಡಿಟಿ’. ಹೊಸದಾಗಿ ಹುಟ್ಟಿದ ಐಜಿಜಿ ಪರಾವಲಂಬಿಯನ್ನು ಸಡಿಲವಾಗಿ ಹಿಡಿಯುತ್ತದೆ, ತಿಂಗಳು ಕಳೆದಂತೆ ಅದರ ಹಿಡಿತ ಬಿಗಿಯಾಗುತ್ತ ಹೋಗುತ್ತದೆ. ಪ್ರಯೋಗಾಲಯದಲ್ಲಿ ಯೂರಿಯಾದಂತಹ ದ್ರಾವಣದಿಂದ ತೊಳೆದು ಎಷ್ಟು ಪ್ರತಿಕಾಯ ಕಳಚಿಕೊಳ್ಳದೆ ಉಳಿಯಿತು ಎಂದು ಅಳೆಯುತ್ತೇವೆ. ಅವಿಡಿಟಿ ‘ಹೆಚ್ಚು’ ಎಂದು ಬಂದರೆ ಹಿಂದಿನ ಮೂರು ನಾಲ್ಕು ತಿಂಗಳಲ್ಲಿ ಸೋಂಕು ತಗಲಿಲ್ಲ ಎಂದು ಅರ್ಥ. ನೀವಿನ್ನೂ 14ನೇ ವಾರದಲ್ಲಿರುವುದರಿಂದ ಆ ಉತ್ತರ ಬಹಳ ಬೆಲೆಯುಳ್ಳದ್ದು, ಏಕೆಂದರೆ ಸೋಂಕು ಗರ್ಭ ಕಟ್ಟುವ ಮೊದಲಿನದೆಂದು ಅದು ಹೇಳುತ್ತದೆ. ಇದೇ ಪರೀಕ್ಷೆಯನ್ನು ಏಳನೇ ತಿಂಗಳಲ್ಲಿ ಮಾಡಿಸಿದರೆ ಅಷ್ಟು ಸ್ಪಷ್ಟವಾದ ಉತ್ತರ ಸಿಗುವುದಿಲ್ಲ. ಅವಿಡಿಟಿ ‘ಕಡಿಮೆ’ ಎಂದು ಬಂದರೂ ಹೊಸ ಸೋಂಕು ಎಂದು ಸಾಬೀತಾದಂತಲ್ಲ, ಕೆಲವರಲ್ಲಿ ಹಿಡಿತ ಬಿಗಿಯಾಗಲು ವರ್ಷವೇ ಹಿಡಿಯುತ್ತದೆ. ತಡಮಾಡದೆ ಮಾಡಿಸಿ. ಮೊದಲ ರಕ್ತದ ಮಾದರಿ ಉಳಿದಿದ್ದರೆ ಇಟ್ಟುಕೊಳ್ಳಲು ಹೇಳಿ. ಎರಡು ಮೂರು ವಾರ ಬಿಟ್ಟು ತೆಗೆದ ಮಾದರಿಯ ಜೊತೆ ಒಂದೇ ಕಡೆ ಹೋಲಿಸಿ ನೋಡಬಹುದು.

ಗೋಮಾಳ:

ನಾನು ಪಶುವೈದ್ಯ. ಚಿನ್ನಿಯ ಪರವಾಗಿ ವಕಾಲತ್ತು ಹಾಕಲು ಬಂದಿದ್ದೇನೆ.

ಈ ಪರಾವಲಂಬಿ ಮೊಟ್ಟೆಯಂತಹ ಕಣಗಳನ್ನು, ಅಂದರೆ ಊಸಿಸ್ಟ್‌ಗಳನ್ನು, ಬಿಡುವುದು ಬೆಕ್ಕಿನ ಜಾತಿಯ ಕರುಳಿನಲ್ಲಿ ಮಾತ್ರ ಎಂಬುದು ನಿಜ. ಆದರೆ ಬೆಕ್ಕು ಮೊದಲ ಸಲ ಸೋಂಕಿರುವ ಇಲಿಯನ್ನೋ ಹಸಿ ಮಾಂಸವನ್ನೋ ತಿಂದ ಮೇಲೆ ಒಂದರಿಂದ ಮೂರು ವಾರ ಮಾತ್ರ ಅವುಗಳನ್ನು ಲಕ್ಷಗಟ್ಟಲೆ ಮಲದಲ್ಲಿ ಹಾಕುತ್ತದೆ, ಆಮೇಲೆ ಸಾಮಾನ್ಯವಾಗಿ ನಿಲ್ಲಿಸುತ್ತದೆ. ಆರು ವರ್ಷ ಇಲಿ ಹಿಡಿದ ಬೆಕ್ಕು ಆ ಘಟ್ಟವನ್ನು ಮರಿಯಾಗಿದ್ದಾಗಲೇ ದಾಟಿರುವ ಸಂಭವ ಹೆಚ್ಚು. ಆಗಷ್ಟೇ ಬಿದ್ದ ಮಲದಿಂದಲೂ ಸೋಂಕು ಬರುವುದಿಲ್ಲ, ಕಣಗಳು ಮಾಗಲು ಒಂದರಿಂದ ಐದು ದಿನ ಬೇಕು. ಹಾಗಾಗಿ ದಿನದಿನದ ಮಲವನ್ನು ಅಂದಂದೇ ತೆಗೆದರೆ ಅರ್ಧ ಗೆದ್ದಂತೆ. ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಗರ್ಭ ಹೋಗುತ್ತದೆ ಎಂಬ ಮಾತು ನಮ್ಮ ಊರುಗಳಲ್ಲಿದೆ. ಆದರೆ ಬೆಕ್ಕನ್ನು ಮುಟ್ಟಿದ್ದಕ್ಕೆ, ಮಡಿಲಲ್ಲಿ ಕೂರಿಸಿಕೊಂಡಿದ್ದಕ್ಕೆ ಇದು ಬರುವುದು ತೀರ ವಿರಳ. ಬಸಿರಿನ ಹೊತ್ತಿನಲ್ಲಿ ಹೊಸ ಮರಿ ತರಬೇಡಿ ಎಂದು ಮಾತ್ರ ನಾನು ಹೇಳುತ್ತೇನೆ.

ಮಾಂಸ ತಿನ್ನದವರಿಗೆ ಹೇಗೆ ಬಂತು ಎಂಬ ನಿಮ್ಮ ಪ್ರಶ್ನೆ ವಿಜ್ಞಾನಿಗಳನ್ನೂ ಕಾಡಿದ್ದೇ. ಈ ಜೀವಿಯನ್ನು 1908ರಲ್ಲಿ ಉತ್ತರ ಆಫ್ರಿಕಾದ ಟ್ಯುನಿಸ್‌ನಲ್ಲಿ ನಿಕೋಲ್ ಮತ್ತು ಮಾನ್ಸೋ ಎಂಬವರು ಗುಂಡಿ ಎಂಬ ಇಲಿಯಂತಹ ಪ್ರಾಣಿಯಲ್ಲಿ ಕಂಡರು (ಹೆಸರನ್ನು ತಪ್ಪಾಗಿ ಬರೆದುಕೊಂಡದ್ದರಿಂದ ಅದು ‘ಗೊಂಡೈ’ ಆಯಿತು). ಹಸಿ ಮಾಂಸದಿಂದ ಹರಡುತ್ತದೆ ಎಂಬುದು ಆಮೇಲೆ ತಿಳಿಯಿತು. ಆದರೆ 1959ರಲ್ಲಿ ಮುಂಬೈಯ ಸಸ್ಯಾಹಾರಿಗಳ ಮತ್ತು ಮಾಂಸಾಹಾರಿಗಳ ರಕ್ತವನ್ನು ಹೋಲಿಸಿ ನೋಡಿದಾಗ ಸಸ್ಯಾಹಾರಿಗಳಲ್ಲೂ ಪ್ರತಿಕಾಯ ಸಿಕ್ಕಿತು. ಹುಲ್ಲು ತಿನ್ನುವ ಕುರಿಗೆ ಬರುವುದಾದರೂ ಹೇಗೆ ಎಂಬ ಒಗಟೂ ಇತ್ತು. 1970ರ ಸುಮಾರಿಗೆ ಬೆಕ್ಕಿನ ಕರುಳಿನ ಗುಟ್ಟು ಹೊರಬಿದ್ದಾಗ ಇದು ಬಿಡಿಸಿಕೊಂಡಿತು. ಆ ಕೆಲಸ ಮಾಡಿದವರಲ್ಲಿ ಭಾರತದಲ್ಲಿ ಹುಟ್ಟಿದ ಪಶುವೈದ್ಯ ವಿಜ್ಞಾನಿ ಜೆ.ಪಿ. ದುಬೆ ಒಬ್ಬರು. ಒದ್ದೆ ಮಣ್ಣಿನಲ್ಲಿ ಆ ಕಣಗಳು ಒಂದು ವರ್ಷಕ್ಕೂ ಮೀರಿ ಬದುಕುತ್ತವೆ. ಮಲೆನಾಡಿನ ನೆರಳು, ತೇವಗಳು ಅವಕ್ಕೆ ತವರುಮನೆ ಇದ್ದಂತೆ.

ಚಿನ್ನಿ ಎಲ್ಲಿ ಹೋಗುತ್ತಾಳೆ ಎಂದು ಗಮನಿಸಿದ್ದೀರಾ?

ತೋಟದಮನೆ:

ಗಮನಿಸಿರಲಿಲ್ಲ, ಇವತ್ತು ನೋಡಿದೆ. ಬಚ್ಚಲೊಲೆಯ ಬೂದಿಯನ್ನು ಹಿತ್ತಲ ಮೂಲೆಯಲ್ಲಿ ಗುಡ್ಡೆ ಹಾಕುತ್ತೇವೆ. ತಣ್ಣಗಾದ ಆ ಗುಡ್ಡೆಯನ್ನು ಕೆರೆದು, ಕೆಲಸ ಮುಗಿಸಿ, ಮತ್ತೆ ಮುಚ್ಚಿ ಬರುತ್ತಾಳೆ. ಬರೆಯಲು ನಾಚಿಕೆಯಾಗುತ್ತದೆ, ಪಾತ್ರೆ ತಿಕ್ಕಲು ನಾವು ಬೂದಿ ತರುವುದೂ ಅಲ್ಲಿಂದಲೇ. ಅದರ ಪಕ್ಕದಲ್ಲೇ ನೀರು ಹರಿದುಹೋಗುವ ಕಡೆ ಒಂದೆಲಗ ಬೆಳೆದಿದೆ. ವಾರಕ್ಕೆರಡು ಸಲ ಅದರ ಹಸಿ ತಂಬುಳಿ ಆಗುತ್ತದೆ.

ಗೋಮಾಳ:

ಹಾಗಿದ್ದರೆ ಎಲ್ಲಿಂದ ಬಂತು ಎಂಬುದಕ್ಕೆ ಸಾಕಷ್ಟು ದಾರಿಗಳು ಸಿಕ್ಕವು. ಚಿನ್ನಿಯೇ ಆಗಬೇಕೆಂದಿಲ್ಲ, ಊರಿನ ಎಲ್ಲ ಬೆಕ್ಕುಗಳಿಗೂ ಕಾಡುಬೆಕ್ಕುಗಳಿಗೂ ಅದು ಪಾಯಖಾನೆಯೇ. ಚಿನ್ನಿಯನ್ನು ಹೊಳೆ ದಾಟಿಸಿದ ಮರುದಿನ ಅಟ್ಟದ ಇಲಿಗಳಿಗೂ ಹಿತ್ತಲಿಗೂ ಬೇರೆ ಬೆಕ್ಕು ಬರುತ್ತದೆ, ಅದು ಎಳೆಯದಾಗಿದ್ದರೆ ಈಗಿನದಕ್ಕಿಂತ ಹೆಚ್ಚು ಅಪಾಯ. ಪಾತ್ರೆಯ ಬೂದಿಯನ್ನು ಒಲೆಯಿಂದ ನೇರವಾಗಿ ಡಬ್ಬಿಗೆ ತುಂಬಿ ಮುಚ್ಚಿಡಿ.

ಹಳೇಮೇಷ್ಟ್ರು:

ಡಾಕ್ಟರ್ ಅವರಿಗೆ ಗೌರವಪೂರ್ವಕವಾಗಿ ಒಂದು ತಕರಾರು. ಹಳೆಯ ಸೋಂಕು ತೊಂದರೆ ಕೊಡುವುದಿಲ್ಲ ಎಂದಾದರೆ, ಗರ್ಭ ನಿಲ್ಲದ ಪ್ರತಿಯೊಬ್ಬ ಹೆಣ್ಣುಮಗಳಿಗೂ ಸಾವಿರಾರು ರೂಪಾಯಿಯ ಈ ಟಾರ್ಚ್ ಪರೀಕ್ಷೆ ಬರೆದುಕೊಡುವುದೇಕೆ? ನನ್ನ ಮಗಳಿಗೆ ಮೂರು ಸಲ ಮಾಡಿಸಿದರು. ಮೂರು ಸಲವೂ ಐಜಿಜಿ ಪಾಸಿಟಿವ್ ಎಂದು ಬಂತು, ಮೂರು ಸಲವೂ ಮಾತ್ರೆ ಕೊಟ್ಟರು. ಅವಳ ಮಾವನ ಮನೆಯವರು ಇಂದಿಗೂ ಅವಳ ರಕ್ತದಲ್ಲಿ ದೋಷವಿದೆ ಎಂದೇ ತಿಳಿದಿದ್ದಾರೆ.

ಹೆರಿಗೆಕೋಣೆ:

ಮೇಷ್ಟ್ರೇ, ನಿಮ್ಮ ತಕರಾರು ನ್ಯಾಯವಾದದ್ದು. ಅದನ್ನು ತಳ್ಳಿಹಾಕುವ ಉದ್ದೇಶ ನನಗಿಲ್ಲ. ಹೊಸ ಸೋಂಕಿನಿಂದ ಆ ಒಂದು ಬಸಿರಿಗೆ ಪೆಟ್ಟಾಗಬಹುದು. ಆದರೆ ಒಂದು ಸಲ ಸೋಂಕಾದ ಮೇಲೆ ಪ್ರತಿಕಾಯ ಮೈಯಲ್ಲಿ ಉಳಿಯುವುದರಿಂದ ಮತ್ತೆ ಮತ್ತೆ ಗರ್ಭ ಹೋಗುವುದಕ್ಕೆ ಟಾಕ್ಸೋಪ್ಲಾಸ್ಮಾ ಕಾರಣವಾಗಲಾರದು. ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು ಪದೇ ಪದೇ ಗರ್ಭಪಾತವಾಗುವವರಲ್ಲಿ ಟಾರ್ಚ್ ಪರೀಕ್ಷೆಯನ್ನು ಕೈಬಿಡಬೇಕೆಂದು ಬಹಳ ಹಿಂದೆಯೇ ಹೇಳಿದೆ. ಇಲ್ಲಿ ಅದು ನಡೆದುಕೊಂಡು ಬಂದಿರುವುದರಲ್ಲಿ ರೂಢಿಯ ಪಾಲು ದೊಡ್ಡದು, ಏನನ್ನೂ ಪರೀಕ್ಷಿಸಲಿಲ್ಲ ಎಂದು ಮನೆಯವರು ದೂರುತ್ತಾರೆಂಬ ಭಯವೂ ಇದೆ. ನಿಮ್ಮ ಮಗಳ ಐಜಿಜಿ ಜೀವನಪೂರ್ತಿ ಪಾಸಿಟಿವ್ ಆಗಿಯೇ ಇರುತ್ತದೆ. ಯಾವ ಮಾತ್ರೆಯೂ ಅದನ್ನು ನೆಗೆಟಿವ್ ಮಾಡುವುದಿಲ್ಲ, ಮಾಡುವ ಅಗತ್ಯವೂ ಇಲ್ಲ. ಅದು ದೋಷವಲ್ಲ ಎಂದು ಅವಳ ಮಾವನ ಮನೆಯವರಿಗೆ ವೈದ್ಯರೊಬ್ಬರ ಬಾಯಿಂದಲೇ ಹೇಳಿಸಿ.

ಲಿಯಾನ್‌ಕನ್ನಡತಿ:

ನಾನು ಫ್ರಾನ್ಸಿನಲ್ಲಿದ್ದೇನೆ. ಇಲ್ಲಿ ಇದು ಪ್ರತಿ ಬಸುರಿಗೂ ಗೊತ್ತಿರುವ ಹೆಸರು. 1992ರಿಂದ ಇಲ್ಲಿನ ಕಾನೂನಿನಂತೆ, ಮೊದಲ ಪರೀಕ್ಷೆಯಲ್ಲಿ ಪ್ರತಿಕಾಯ ಇಲ್ಲದ ಗರ್ಭಿಣಿಯರ ರಕ್ತವನ್ನು ಹೆರಿಗೆಯ ತನಕ ಪ್ರತಿ ತಿಂಗಳು ನೋಡುತ್ತಿದ್ದರು. ನನ್ನ ಎರಡು ಬಸಿರಿನಲ್ಲೂ ನಾನು ನೆಗೆಟಿವ್, ಎರಡು ಸಲವೂ ತಿಂಗಳು ತಿಂಗಳು ಸೂಜಿ ಚುಚ್ಚಿಸಿಕೊಂಡಿದ್ದೇನೆ. ಇಲ್ಲಿಯವರು ಒಳಗೆ ಕೆಂಪು ರಸ ಸೋರುವ ಮಾಂಸವನ್ನೇ ರುಚಿ ಎನ್ನುತ್ತಾರೆ. 1965ರಲ್ಲಿ ಪ್ಯಾರಿಸ್ಸಿನ ಆರೋಗ್ಯಧಾಮವೊಂದರ ಮಕ್ಕಳಿಗೆ ಅರೆಬೆಂದ ಕುರಿಮಾಂಸ ಕೊಟ್ಟಾಗ ಸೋಂಕು ಏರಿದ್ದನ್ನು ನೋಡಿಯೇ ಮಾಂಸದ ದಾರಿ ಖಾತ್ರಿಯಾಯಿತಂತೆ. ಈಗ ಕಡಿಮೆಯಾಗುತ್ತಿದೆ: ಗರ್ಭಿಣಿಯರಲ್ಲಿ ಪ್ರತಿಕಾಯ ಇದ್ದವರು 1995ರಲ್ಲಿ ಶೇ 54, 2010ರಲ್ಲಿ ಶೇ 37. ಸೋಂಕು ಕಡಿಮೆಯಾದಷ್ಟೂ ಕಾವಲಿಲ್ಲದ ತಾಯಂದಿರು ಹೆಚ್ಚಾಗುತ್ತಾರೆ ಎಂಬ ವಿಚಿತ್ರವನ್ನು ನನ್ನ ದಾದಿ ಹೇಳಿದಾಗ ನನಗೆ ನಗು ಬಂದಿತ್ತು.

ಯುರೋಪಿನ ಆರು ನಗರಗಳ ಗರ್ಭಿಣಿಯರನ್ನು ಕುರಿತು 2000ದಲ್ಲಿ ಪ್ರಕಟವಾದ ಅಧ್ಯಯನವನ್ನೂ ಅವರೇ ಓದಲು ಕೊಟ್ಟಿದ್ದರು. ಸೋಂಕುಗಳಲ್ಲಿ ಶೇ 30ರಿಂದ 63ರಷ್ಟು ಸರಿಯಾಗಿ ಬೇಯದ ಮಾಂಸದಿಂದ, ಶೇ 6ರಿಂದ 17ರಷ್ಟು ಮಣ್ಣಿನಿಂದ ಬಂದಿದ್ದವು. ಬೆಕ್ಕಿನ ಒಡನಾಟ ಅಪಾಯವಾಗಿ ಕಂಡಿರಲಿಲ್ಲ. ತೋಟದಮನೆಯ ಅತ್ತೆಯವರಿಗೆ ಇದನ್ನು ಓದಿ ಹೇಳಿ.

ನೊಯ್ಯಲ್‌ದಂಡೆ:

ನೀರನ್ನು ಯಾರೂ ಹೇಳಲಿಲ್ಲ. ನಾವು ಕೊಯಮತ್ತೂರಿನಲ್ಲಿ ನೆಲೆಸಿದ ಕನ್ನಡದವರು. 2004ರ ಕೊನೆಯಿಂದ 2005ರ ಆರಂಭದವರೆಗೆ ಇಲ್ಲಿನ ಕಣ್ಣಾಸ್ಪತ್ರೆಗೆ ದೃಷ್ಟಿ ಮಂಜಾಯಿತೆಂದು ಬಂದವರಲ್ಲಿ 248 ಮಂದಿಗೆ ಟಾಕ್ಸೋಪ್ಲಾಸ್ಮಾ ಎಂದು ಗೊತ್ತಾಯಿತು; ಅನುಮಾನ ಹೋದದ್ದು ಒಂದು ಜಲಾಶಯದಿಂದ ಬರುವ ನಗರದ ನೀರಿನ ಮೇಲೆ. ಕೆನಡಾದ ವಿಕ್ಟೋರಿಯಾದಲ್ಲೂ 1995ರಲ್ಲಿ ಹೀಗೆಯೇ ಆಗಿ ನೂರು ಮಂದಿಗೆ ಕಾಯಿಲೆ ಬಂತು, ಅಲ್ಲಿ ನೀರಿಗೆ ಕ್ಲೋರಿನ್ ಹಾಕಿದ್ದರು, ಸೋಸಿರಲಿಲ್ಲ. ಕ್ಲೋರಿನ್‌ಗೆ ಆ ಕಣಗಳು ಸಾಯುವುದಿಲ್ಲ, ಕುದಿಸಿದರೆ ಸಾಯುತ್ತವೆ. ನಮ್ಮ ಮನೆಯಲ್ಲಿ ಅಂದಿನಿಂದ ನೀರು ಕುದಿಯದೆ ಹೂಜಿಗೆ ಬೀಳುವುದಿಲ್ಲ.

ಕುರಿಹಟ್ಟಿ:

ಚಿತ್ರದುರ್ಗದ ಕಡೆಯವನು ನಾನು. ನಮ್ಮ ಮನೆಯ ಹೆಂಗಸರು ಬಸಿರಿನಲ್ಲೂ ಕುರಿ ಈಯಿಸುತ್ತಾರೆ. ಕೆಲವೊಮ್ಮೆ ಕುರಿ ಕಂದು ಹಾಕಿದಾಗ ಮಾಸು ಎತ್ತಿ ಹಾಕುವುದೂ ಅವರೇ. ಇದರಲ್ಲಿ ಅಪಾಯವಿದೆಯೇ? ಸಾರು ಮಾಡುವಾಗ ಅರೆಬೆಂದ ಚೂರನ್ನು ಬಾಯಿಗೆ ಹಾಕಿ ಉಪ್ಪು ನೋಡುವ ಅಭ್ಯಾಸವೂ ಇದೆ.

ಗೋಮಾಳ:

ಎರಡರಲ್ಲೂ ಅಪಾಯವಿದೆ. ಕುರಿ ಮೇಕೆಗಳು ಕಂದು ಹಾಕುವುದಕ್ಕೆ ಇದೇ ಟಾಕ್ಸೋಪ್ಲಾಸ್ಮಾ ಒಂದು ಮುಖ್ಯ ಕಾರಣ. ಬ್ರುಸೆಲ್ಲಾದಂತಹ ಬೇರೆ ರೋಗಗಳೂ ಆ ಮಾಸಿನಲ್ಲಿ ಇರುತ್ತವೆ. ಬಸುರಿಯರು ಆ ಕೆಲಸಕ್ಕೆ ಕೈ ಹಾಕಬಾರದು. ಬೇರೆಯವರು ಕೈಚೀಲ ತೊಟ್ಟು ಎತ್ತಿ, ನಾಯಿ ಬೆಕ್ಕು ಕೆದರದಷ್ಟು ಆಳವಾಗಿ ಹೂಳಬೇಕು. ಮೇಕೆಯ ಹಸಿ ಹಾಲನ್ನೂ ಕಾಯಿಸದೆ ಕುಡಿಯುವುದು ಬೇಡ.

ಉಪ್ಪು ನೋಡುವುದು ಸಣ್ಣ ಸಂಗತಿಯಂತೆ ಕಾಣುತ್ತದೆ. ಮಾಂಸದೊಳಗಿನ ಗುಳ್ಳೆಗಳು ಸಾಯಲು ಮಾಂಸದ ನಡುಭಾಗ ಸುಮಾರು 67 ಡಿಗ್ರಿ ಸೆಲ್ಸಿಯಸ್‌ಗೆ ಏರಬೇಕು. ಕುಕ್ಕರಿನಲ್ಲಿ ನಾಲ್ಕಾರು ಸೀಟಿ ಹೊಡೆಸಿದ ಮಾಂಸಕ್ಕೆ, ಗಂಟೆಗಟ್ಟಲೆ ಬೇಯಿಸುವ ಕೊಡಗಿನ ಹಂದಿಕರಿಗೆ ಹೆದರಬೇಕಾಗಿಲ್ಲ. ನಮ್ಮ ಅಡುಗೆಯಲ್ಲಿ ಬೆಂದು ತಟ್ಟೆಗೆ ಬಂದ ಮಾಂಸಕ್ಕಿಂತ ಬೇಯುವ ನಡುವೆ ಬಾಯಿಗೆ ಹಾಕುವ ಚೂರು ಅಪಾಯಕಾರಿ. ಮಾಂಸ ಹೆಚ್ಚಿದ ಈಳಿಗೆಮಣೆಯನ್ನು ನೀರಿನಲ್ಲಿ ಒಮ್ಮೆ ಅದ್ದಿ ಅದರಲ್ಲೇ ಈರುಳ್ಳಿ, ಸೌತೆಕಾಯಿ ಹೆಚ್ಚುವುದೂ ಅಷ್ಟೇ. ನಾರ್ವೆಯ ಗರ್ಭಿಣಿಯರ ಅಧ್ಯಯನವೊಂದರಲ್ಲಿ ಹಸಿ ಮಾಂಸ ಹೆಚ್ಚಿದ ಚಾಕುವನ್ನು ತೊಳೆಯದಿರುವುದು ತಾನೇ ಒಂದು ಕಾರಣವಾಗಿ ಕಂಡಿತ್ತು. ಸಾರಿನ ರಸವನ್ನು ಕುದಿ ಬಂದ ಮೇಲೆ ಸೌಟಿನಿಂದ ತೆಗೆದು ಉಪ್ಪು ನೋಡಲಿ, ಚೂರನ್ನು ಬಾಯಿಗೆ ಹಾಕುವುದು ಬೇಡ.

ತೋಟದಮನೆ:

ಎಲ್ಲರಿಗೂ ಋಣಿ. ಹನ್ನೊಂದು ದಿನದ ಮೇಲೆ ಬರೆಯುತ್ತಿದ್ದೇನೆ. ಅವಿಡಿಟಿ ‘ಹೆಚ್ಚು’ ಎಂದು ಬಂದಿದೆ. ಸೋಂಕು ಹಳೆಯದು, ಔಷಧ ಬೇಡ, ಎಲ್ಲರಂತೆ ಸ್ಕ್ಯಾನ್ ಮಾಡಿಸಿದರೆ ಸಾಕು ಎಂದು ನಮ್ಮ ವೈದ್ಯರು ಹೇಳಿದರು. ಒಂದು ವೇಳೆ ‘ಕಡಿಮೆ’ ಎಂದು ಬಂದಿದ್ದರೆ ಏನಾಗುತ್ತಿತ್ತು ಎಂದು ಕೇಳಲು ಅಲ್ಲಿ ಧೈರ್ಯ ಬರಲಿಲ್ಲ.

ಇನ್ನೊಂದು ವಿಷಯ. ನಮ್ಮದು ಕೂಡು ಕುಟುಂಬ. ನನ್ನ ಓರಗಿತ್ತಿಗೂ ಈಗ ಎರಡು ತಿಂಗಳು. ನನ್ನ ಗಲಾಟೆ ನೋಡಿ ಅವಳಿಗೂ ಪರೀಕ್ಷೆ ಮಾಡಿಸಿದರು, ಎರಡೂ ನೆಗೆಟಿವ್. ಅವಳದು ಚೊಕ್ಕ ರಕ್ತ ಎಂದು ಅತ್ತೆಯವರಿಗೆ ಬಹಳ ಸಂತೋಷವಾಗಿದೆ. ನನಗೆ ಹಿತ್ತಲಿಗೆ ಹೋಗಬೇಡ ಎಂದಿದ್ದಾರೆ. ಬೂದಿ ಬಳಿಯುವುದು, ತೋಟದಿಂದ ಸೊಪ್ಪು ತರುವುದು ಎಲ್ಲ ಈಗ ಅವಳ ಪಾಲಿಗೆ ಬಂದಿದೆ.

ಹೆರಿಗೆಕೋಣೆ:

ದಯವಿಟ್ಟು ಇದನ್ನು ಇವತ್ತೇ ಅದಲುಬದಲು ಮಾಡಿ. ಹಿತ್ತಲಿಗೆ ಹೋಗಬಾರದವರು ನಿಮ್ಮ ಓರಗಿತ್ತಿ. ನೆಗೆಟಿವ್ ಎಂದರೆ ಅವರಿಗೆ ಕಾವಲು ಇಲ್ಲ. ಅವರ ಬಸಿರಿನ ಉಳಿದ ಏಳು ತಿಂಗಳಲ್ಲಿ ಯಾವಾಗ ಬೇಕಾದರೂ ಮೊದಲ ಸೋಂಕು ತಗಲಬಹುದು.

ನೀವು ಕೇಳಲು ಅಂಜಿದ ಪ್ರಶ್ನೆಗೆ ಉತ್ತರವೂ ಇಲ್ಲೇ ಬರುತ್ತದೆ. ಬಸಿರಿನಲ್ಲಿ ಹೊಸ ಸೋಂಕು ತಗಲಿದ 603 ತಾಯಂದಿರನ್ನು ಲಿಯಾನ್‌ನಲ್ಲಿ ಗಮನಿಸಿ 1999ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ತಾಯಿಗೆ 13ನೇ ವಾರದಲ್ಲಿ ಸೋಂಕಾದರೆ ಮಗುವಿಗೆ ದಾಟುವ ಸಾಧ್ಯತೆ ಶೇ 6, 26ನೇ ವಾರದಲ್ಲಿ ಶೇ 40, 36ನೇ ವಾರದಲ್ಲಿ ಶೇ 72. ಪೆಟ್ಟಿನ ತೀವ್ರತೆ ಮಾತ್ರ ತಿರುಗುಮುರುಗು: ಮೊದಮೊದಲ ವಾರಗಳಲ್ಲಿ ದಾಟುವುದು ಅಪರೂಪ, ದಾಟಿದರೆ ಗರ್ಭ ಹೋಗಬಹುದು, ತಲೆಯಲ್ಲಿ ನೀರು ತುಂಬಬಹುದು, ಮಿದುಳಿನಲ್ಲಿ ಸುಣ್ಣ ಕಟ್ಟಬಹುದು, ಕೊನೆಯ ತಿಂಗಳುಗಳಲ್ಲಿ ದಾಟಿದರೆ ಮಗು ಹುಟ್ಟುವಾಗ ಸಾಮಾನ್ಯವಾಗಿ ಚೆನ್ನಾಗಿಯೇ ಕಾಣುತ್ತದೆ, ಆದರೆ ವರ್ಷಗಳ ಮೇಲೆ ಕಣ್ಣಿನ ಹಿಂಪದರದಲ್ಲಿ ಕಲೆ ಎದ್ದು ದೃಷ್ಟಿ ಹೋಗುವ ಅಪಾಯವಿರುತ್ತದೆ. ಹೊಸ ಸೋಂಕು ಖಚಿತವಾದರೆ ಮೊದಲಿಗೆ ಸ್ಪೈರಾಮೈಸಿನ್ ಕೊಡುತ್ತೇವೆ, ಅದು ಮಾಸಿನಲ್ಲಿ ಸೇರಿಕೊಂಡು ದಾಟುವುದನ್ನು ತಡೆಯಲಿ ಎಂಬುದು ಉದ್ದೇಶ. 18 ವಾರ ಕಳೆದ ಮೇಲೆ ಮಗುವಿನ ಸುತ್ತಲಿನ ನೀರನ್ನು ಸೂಜಿಯಿಂದ ತೆಗೆದು, ಪರಾವಲಂಬಿಯ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಸುತ್ತೇವೆ. ಅದರಲ್ಲಿ ಪರಾವಲಂಬಿ ಸಿಕ್ಕಿದರೆ ಪೈರಿಮೆಥಮಿನ್, ಸಲ್ಫಾಡಯಜಿನ್‌ಗಳನ್ನು ಫೋಲಿನಿಕ್ ಆಮ್ಲದ ಜೊತೆಗೆ ಕೊಡಬೇಕಾಗುತ್ತದೆ. ಈ ಫೋಲಿನಿಕ್ ಆಮ್ಲ ಬಸುರಿಯರೆಲ್ಲ ನುಂಗುವ ಫೋಲಿಕ್ ಮಾತ್ರೆಯಲ್ಲ, ಅಂಗಡಿಯಲ್ಲಿ ಅದಲುಬದಲಾದುದನ್ನು ಕಂಡಿದ್ದೇನೆ. ಸೋಂಕಿನೊಂದಿಗೆ ಹುಟ್ಟಿದ ಮಗುವಿಗೆ ಒಂದು ವರ್ಷ ಔಷಧ ನಡೆಯುತ್ತದೆ.

ಓರಗಿತ್ತಿಯವರಿಗೆ ಮಣ್ಣಿನ ಕೆಲಸ ಬೇಡ. ಮಾಡಲೇಬೇಕಾದರೆ ಕೈಗೆ ರಬ್ಬರ್ ಕೈಚೀಲ, ಮುಗಿದ ಮೇಲೆ ಸೋಪು ಹಾಕಿ ಉಗುರಿನ ಸಂದು ತೊಳೆಯುವುದು. ಒಂದೆಲಗವನ್ನು ಅವರಿಗೆ ಹಸಿಯಾಗಿ ಕೊಡಬೇಡಿ, ಎಷ್ಟು ತೊಳೆದರೂ ಎಲೆಯ ಮಡಿಕೆಯಲ್ಲಿ ಮಣ್ಣು ಉಳಿಯುತ್ತದೆ. ಬೇಯಿಸಿ ರುಬ್ಬಿದರೆ ಅಡ್ಡಿಯಿಲ್ಲ. ಕೋಸಂಬರಿಯ ಕ್ಯಾರೆಟ್, ಮೂಲಂಗಿಗಳ ಸಿಪ್ಪೆ ಹೆರೆಯಿರಿ. ಬಾವಿಯ ನೀರು ಕುದಿಯಲಿ, ಅದು ನಿಮಗೂ ಒಳ್ಳೆಯದೇ, ಬೇರೆ ರೋಗಗಳಿವೆಯಲ್ಲ. ಅವರ ರಕ್ತವನ್ನು ಮತ್ತೆ ಯಾವಾಗ ನೋಡಬೇಕೆಂದು ಅವರ ವೈದ್ಯರನ್ನೇ ಕೇಳಿ.

ತೋಟದಮನೆ:

ಈ ಪುಟವನ್ನು ಅತ್ತೆಯವರಿಗೆ ಓದಿ ಹೇಳಿದೆ. ‘ಪಾಸಿಟಿವ್’ ಇದ್ದವಳು ಹಿತ್ತಲಿಗೆ ಹೋಗಬಹುದು, ‘ನೆಗೆಟಿವ್’ ಇದ್ದವಳು ಹೋಗಬಾರದು ಎಂಬುದನ್ನು ಎರಡು ಸಲ ಓದಿಸಿದರು. ಆಮೇಲೆ ನಮ್ಮಿಬ್ಬರನ್ನೂ ಬಿಟ್ಟು ಬೂದಿಯ ಕೆಲಸವನ್ನು ಮೈದುನನಿಗೆ ಹಚ್ಚಿದ್ದಾರೆ. ಅವನು ಗುಡ್ಡೆಯ ಮೇಲೆ ಹಳೆಯ ತಗಡು ಮುಚ್ಚಿ, ಚಿನ್ನಿಗೆಂದು ಬೇರೆ ಕಡೆ ಮರಳು ತುಂಬಿದ ಬುಟ್ಟಿಯೊಂದನ್ನು ಇಟ್ಟಿದ್ದಾನೆ. ದಿನಾ ಬೆಳಿಗ್ಗೆ ಗೊಣಗುತ್ತ ಅದನ್ನು ಬಳಿಯುತ್ತಾನೆ. ಚಿನ್ನಿ ಇನ್ನೂ ಆ ಬುಟ್ಟಿಯನ್ನು ಒಪ್ಪಿಕೊಂಡಿಲ್ಲ, ತಗಡಿನ ಅಂಚು ಕೆರೆಯುತ್ತಾಳೆ.

ಗೋಮಾಳ:

ಹಳೆಯ ಗುಡ್ಡೆಯ ಒಂದು ಹಿಡಿ ಬೂದಿಯನ್ನು ಬುಟ್ಟಿಗೆ ಬೆರೆಸಿ ನೋಡಿ, ವಾಸನೆ ಹಿಡಿದು ಬರುತ್ತಾಳೆ. ಬೆರೆಸುವುದೂ ಮೈದುನನೇ ಇರಲಿ.